ಪಕ್ಕದ ಸೀಟಿನ ಬ್ರೇಕು

ಊರಿನಲ್ಲಿ ಕಾರು ಓಡಿಸುವವರನ್ನು ನಿಲ್ಲಿಸಿ, ನಿಮಗೆ ಕಲಿಸಿದ್ದು ಯಾರು ಎಂದು ಕೇಳಿದರೆ ಅರ್ಧಕ್ಕರ್ಧ ಜನ ಬ್ರೇಕ್ ಮೇಷ್ಟ್ರ ಹೆಸರು ಹೇಳುತ್ತಿದ್ದರು. ಹೆಸರು ಎಂದರೆ ಅದೇ, ಬ್ರೇಕ್ ಮೇಷ್ಟ್ರು. ಅಪ್ಪ ಅಮ್ಮ ಇಟ್ಟ ಹೆಸರು ಅವರ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಆ ಲೈಸೆನ್ಸೂ ಆಮೇಲೆ ಉಳಿಯಲಿಲ್ಲ.

ಅವರ ಡ್ರೈವಿಂಗ್ ಸ್ಕೂಲು ಎಂದರೆ ಮಹಾ ದೊಡ್ಡದೇನಲ್ಲ. ಮನೆಯ ಮುಂದಿನ ಕೋಣೆ, ಗೋಡೆಯ ಮೇಲೆ ಬಣ್ಣ ಮಾಸಿದ ಸಂಚಾರ ಚಿಹ್ನೆಗಳ ಪಟ, ಒಂದು ಮೇಜು, ಮೇಜಿನ ಮೇಲಿನ ಫೋನು ಕಾಯಲು ಹೆಂಡತಿ, ಹೊರಗೆ ನೆತ್ತಿಯ ಮೇಲೆ ಬೋರ್ಡು ಹೊತ್ತುಕೊಂಡ ಒಂದು ಬಿಳಿ ಕಾರು. ಕಲಿಯಲು ಬಂದವರು ಮೊದಲ ದಿನ ಸ್ಟೇರಿಂಗನ್ನು ಕತ್ತು ಹಿಸುಕುವಂತೆ ಹಿಡಿದು ಕೂರುತ್ತಿದ್ದರು. ಆಗ ಮೇಷ್ಟ್ರು ಪಕ್ಕದ ಸೀಟಿನಲ್ಲಿ ಆರಾಮಾಗಿ ಒರಗಿ, "ಹೆದರ್ಕೋಬೇಡಿ, ಬ್ರೇಕು ನನ್ನ ಕಾಲಲ್ಲಿದೆ" ಎನ್ನುತ್ತಿದ್ದರು. ಆ ಮಾತಿನಿಂದಲೇ ಅವರಿಗೆ ಆ ಹೆಸರು ಅಂಟಿಕೊಂಡದ್ದು.

ಮಾತು ನಿಜವೇ. ಕಲಿಸುವ ಕಾರಿನಲ್ಲಿ ಎರಡು ಬ್ರೇಕು ಇರುತ್ತವೆ, ಕಲಿಯುವವರ ಕಾಲ ಕೆಳಗೊಂದು, ಮೇಷ್ಟ್ರ ಕಾಲ ಕೆಳಗೊಂದು. ಒಳಗೆ ಒಂದು ಕಬ್ಬಿಣದ ಸರಳು ಎರಡನ್ನೂ ಕೂಡಿಸಿರುತ್ತದೆ. ಮೇಷ್ಟ್ರು ತಮ್ಮ ಕಡೆಯದನ್ನು ತುಳಿದರೆ ಆ ಕಡೆಯದೂ ತಾನಾಗಿ ಕೆಳಗಿಳಿಯುತ್ತದೆ. ಬೇರೆ ಸ್ಕೂಲಿನವರು ಹೀಗೆ ತುಳಿಯುವಾಗ ಜೊತೆಗೊಂದು ಬೈಗುಳವನ್ನೂ ಸೇರಿಸುತ್ತಾರೆ, ಕಣ್ಣು ಎಲ್ಲಿಟ್ಟಿದ್ದೆ, ತಲೆ ಎಲ್ಲಿಟ್ಟಿದ್ದೆ ಎಂದು. ನಮ್ಮ ಮೇಷ್ಟ್ರಿಗೆ ಬೈಯಲು ಬರುತ್ತಿರಲಿಲ್ಲ. ಎದುರಿಗಿದ್ದವರ ಮುಖ ಬಾಡಿದರೆ ಇವರಿಗೆ ಊಟ ಸೇರುತ್ತಿರಲಿಲ್ಲ. ಅದಕ್ಕೇ ಅವರು ಕಲಿಯುವವರ ಕಾಲು ಬ್ರೇಕಿನ ಮೇಲೆ ಬಂದ ಗಳಿಗೆಗೇ ಸರಿಯಾಗಿ, ಬೆಕ್ಕು ಹೆಜ್ಜೆಯಿಟ್ಟಷ್ಟು ಮೆತ್ತಗೆ ತಮ್ಮ ಬ್ರೇಕನ್ನು ಒತ್ತುತ್ತಿದ್ದರು. ಕಾರು ಅಲುಗದೆ ನಿಲ್ಲುತ್ತಿತ್ತು. ಕಲಿಯುವವರು ತಾವೇ ನಿಲ್ಲಿಸಿದೆವೆಂದು ಹಿಗ್ಗುತ್ತಿದ್ದರು. "ಶಹಭಾಷ್" ಎಂದು ಮೇಷ್ಟ್ರು ಬೆನ್ನು ತಟ್ಟುವಂತೆ ಸೀಟು ತಟ್ಟುತ್ತಿದ್ದರು.

ಇದು ಅವರೊಬ್ಬರದೇ ಗುಟ್ಟು. ಮೊದಲೆಲ್ಲ ಇದರಿಂದ ಕೇಡೇನೂ ಆಗಲಿಲ್ಲ, ಯಾಕೆಂದರೆ ಕೊನೆಯ ಕೆಲವು ಪಾಠಗಳಲ್ಲಿ ಮೇಷ್ಟ್ರು ಕಾಲು ಹಿಂದಕ್ಕೆಳೆದು ಸೀಟಿನ ಬುಡಕ್ಕೆ ಮಡಚಿಟ್ಟುಕೊಳ್ಳುತ್ತಿದ್ದರು. ಕಾರು ಇದ್ದಕ್ಕಿದ್ದಂತೆ ಮೊಂಡಾಗುತ್ತಿತ್ತು. "ಇವತ್ತು ಬ್ರೇಕು ಸ್ವಲ್ಪ ಬಿಗಿ ಇದೆ, ಜೋರಾಗಿ ತುಳೀರಿ" ಎಂದು ಮೇಷ್ಟ್ರು ಮುಖ ಅಲುಗಿಸದೆ ಸುಳ್ಳು ಹೇಳುತ್ತಿದ್ದರು. ಕಲಿಯುವವರು ಜೋರಾಗಿ ತುಳಿದು ನಿಜವಾಗಿ ಕಲಿಯುತ್ತಿದ್ದರು. ಆಮೇಲೆ ಸ್ವಂತ ಕಾರು ಕೊಂಡು ಒಂದೆರಡು ಸಲ ಮನೆಯ ಗೇಟಿಗೆ ಗುದ್ದುತ್ತಿದ್ದರು. ತಪ್ಪನ್ನು ಗೇಟಿನ ಮೇಲೆ ಹೊರಿಸುತ್ತಿದ್ದರು.

ಆಮೇಲೆ ಕುಡಿತ ಬಂತು. ಯಾಕೆ ಬಂತೆಂದು ಕೇಳಿದರೆ ಕಾರಣ ಬೇಕಾದಷ್ಟು ಹೇಳಬಹುದು. ದಿನವಿಡೀ ಜೀವ ಕೈಯಲ್ಲಿ ಹಿಡಿದು ಕೂತು ಬಂದ ಸೊಂಟನೋವು, ಮಕ್ಕಳಿಲ್ಲದ ಮನೆಯ ಸಂಜೆಗಳು, ಮೂಲೆ ಅಂಗಡಿಯ ಗೆಳೆಯರು. ಕುಡಿಯುವವನಿಗೆ ಕಾರಣಗಳ ಕೊರತೆ ಯಾವ ಕಾಲದಲ್ಲೂ ಆದದ್ದಿಲ್ಲ. ಮೊದಲು ಸಂಜೆಗೆ ಮಾತ್ರ ಇತ್ತು. ಬರುಬರುತ್ತಾ ಬೆಳಿಗ್ಗೆ ಕೈ ನಡುಗತೊಡಗಿತು. ನಡುಗುವ ಕೈ ಕಂಡರೆ ಕಲಿಯುವವರು ಹೆದರಿಯಾರೆಂದು ಬೆಳಿಗ್ಗೆಯೂ ಎರಡು ಗುಟುಕು ಹಾಕಿಕೊಳ್ಳತೊಡಗಿದರು. ಅದನ್ನು ಅವರು ಕುಡಿತವೆಂದು ಲೆಕ್ಕಕ್ಕೇ ಹಿಡಿಯಲಿಲ್ಲ, ಔಷಧಿ ಎಂದುಕೊಂಡರು. ಬಾಯಿಗೆ ಲವಂಗ ಹಾಕಿಕೊಂಡು ಹೊರಟರೆ ವಾಸನೆ ಯಾರ ಮೂಗಿಗೂ ಬಡಿಯುತ್ತಿರಲಿಲ್ಲ.

ಹೆಂಡತಿ ಸುಮ್ಮನೆ ನೋಡುತ್ತ ಕೂತವಳಲ್ಲ. "ರೀ, ಗಾಡಿ ಕೆಲಸ ನಿಮ್ದು. ಇದು ಸರಿನಾ?" ಎಂದು ಕೇಳಿದ್ದಳು.

"ನಾನೇನು ಓಡಿಸ್ತೀನಾ? ಪಕ್ಕದಲ್ಲಿ ಕೂತ್ಕೋತೀನಿ, ಅಷ್ಟೇ ತಾನೆ" ಎಂದು ಮೇಷ್ಟ್ರು ಮಾತು ಹಾರಿಸಿದ್ದರು.

ಆದರೆ ತಮ್ಮ ಕಾಲಿನ ಮೇಲೆ ಅವರಿಗೇ ಮೊದಲಿನ ನಂಬಿಕೆ ಇರಲಿಲ್ಲ. ಕಾಲು ಹಿಂದಕ್ಕೆಳೆದುಕೊಂಡ ಹೊತ್ತಿನಲ್ಲಿ ಏನಾದರೂ ಅಡ್ಡ ಬಂದರೆ ಸಮಯಕ್ಕೆ ಮತ್ತೆ ಮುಂದಿಡಲು ಆದೀತೇ ಎಂದು ಒಳಗೊಳಗೇ ಅಳುಕು. ಹಾಗಾಗಿ ಕೊನೆಯ ಪಾಠಗಳನ್ನು ನಾಳೆ, ನಾಡಿದ್ದು ಎಂದು ತಳ್ಳತೊಡಗಿದರು. ಕಾಲು ಸದಾ ಬ್ರೇಕಿನ ಹತ್ತಿರವೇ ಇರತೊಡಗಿತು.

ಅಂಥ ಹೊತ್ತಿನಲ್ಲಿ ಬಂದವಳು ನರ್ಸಮ್ಮ. ಊರಿನ ಆಸ್ಪತ್ರೆಯಲ್ಲಿ ಕೆಲಸ. ಗಂಡನನ್ನು ಬಿಟ್ಟು ಬಂದು ಅಣ್ಣನ ಮನೆಯಲ್ಲಿದ್ದಳು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ನೋಡಿಕೊಳ್ಳುವ ನರ್ಸಿನ ಹುದ್ದೆಯೊಂದು ಖಾಲಿ ಬಿದ್ದಿತ್ತು. ಕಾರು ಓಡಿಸಲು ಬಂದರೆ ಅದು ಅವಳಿಗೇ, ಜೊತೆಗೆ ಇರಲು ಆಸ್ಪತ್ರೆಯವರದೇ ಎರಡು ಕೋಣೆಯ ಮನೆ. ಇಷ್ಟನ್ನೂ ಮೊದಲ ದಿನವೇ ಒಂದೇ ಉಸಿರಿಗೆ ಹೇಳಿ, "ಅಣ್ಣ ನಿನ್ನ ಕೈಲಿ ಆಗಲ್ಲ ಅಂತಾನೆ ಮೇಷ್ಟ್ರೇ. ಗಂಡನೂ ಅದನ್ನೇ ಅಂತಿದ್ದ" ಎಂದು ನಕ್ಕಳು. ಆ ನಗು ನೋಡಿ ಮೇಷ್ಟ್ರ ಕರುಳು ಚುರುಕ್ ಎಂದಿತು.

ಅವಳ ಹೆದರಿಕೆ ಎಷ್ಟಿತ್ತೆಂದರೆ ಹಾರ್ನ್ ಹೊಡೆದರೂ ತಾನೇ ಬೆಚ್ಚುತ್ತಿದ್ದಳು. ಬ್ರೇಕನ್ನು ತುಳಿಯುತ್ತಲೇ ಇರಲಿಲ್ಲ, ಕಾಲನ್ನು ಅದರ ಮೇಲೆ ಇಟ್ಟು ತೆಗೆಯುತ್ತಿದ್ದಳು. ಉಳಿದದ್ದನ್ನು ಮೇಷ್ಟ್ರು ಮಾಡುತ್ತಿದ್ದರು. ಒಂದು ದಿನ ಚೆಂಡಿನ ಹಿಂದೆ ಓಡಿ ಬಂದ ಮಗುವೊಂದು ಕಾರಿಗೆ ಅಡ್ಡವಾಯಿತು. ಕಾರು ಗಕ್ಕನೆ ನಿಂತಿತು. ಮಗು ಚೆಂಡೆತ್ತಿಕೊಂಡು ಹಲ್ಲು ಕಿಸಿದು ಓಡಿತು. ನರ್ಸಮ್ಮ ಎರಡೂ ಕೈ ಸ್ಟೇರಿಂಗಿನಿಂದ ಎತ್ತಿ, "ನೋಡಿದ್ರಾ ಮೇಷ್ಟ್ರೇ! ನಾನೇ! ನಾನೇ ನಿಲ್ಸಿದ್ದು!" ಎಂದು ಕೂಗಿದಳು. ಕಣ್ಣಲ್ಲಿ ನೀರು ತುಂಬಿತ್ತು. ಮೇಷ್ಟ್ರ ಕಾಲು ಇನ್ನೂ ಬ್ರೇಕಿನ ಮೇಲೆ ಬಿಗಿಯಾಗಿ ಒತ್ತಿಕೊಂಡೇ ಇತ್ತು. ಹೇಳಬೇಕಾಗಿತ್ತು. ಆ ಮುಖ ನೋಡುತ್ತ ಹೇಳಲು ಅವರಿಂದಾಗಲಿಲ್ಲ.

"ಶಹಭಾಷ್ ಕಣಮ್ಮಾ" ಎಂದರು.

ಅದು ನಡೆದ ಮೇಲೆ ಅವಳ ನಡಿಗೆಯೇ ಬದಲಾಯಿತು. ಫೋನಿನ ಮೇಜಿನ ಹತ್ತಿರ ನಿಂತು ಮೇಷ್ಟ್ರ ಹೆಂಡತಿಗೆ ಆ ಚೆಂಡಿನ ಕಥೆಯನ್ನು ಎರಡೆರಡು ಸಲ ಹೇಳಿದಳು. ಅಣ್ಣನಿಗೂ ಹೇಳಿದಳಂತೆ. ಅಣ್ಣ ಟಿವಿಯಿಂದ ತಲೆ ಎತ್ತಿ ಒಂದು ಸಲ ತಂಗಿಯ ಮುಖ ನೋಡಿದನಂತೆ. ಅಷ್ಟಾದದ್ದೇ ಅವಳಿಗೆ ದೊಡ್ಡ ವಿಷಯ.

ಇನ್ನು ಆ ಬೆಳಗಿನ ಮಾತು. ಬಿಸಿಲು ಚೆನ್ನಾಗಿ ಬಿದ್ದಿತ್ತು, ರಸ್ತೆ ಒಣಗಿತ್ತು, ಕಾರಿನ ವೇಗ ಸೈಕಲ್ಲಿಗಿಂತ ಚೂರು ಹೆಚ್ಚು. ಆಸ್ಪತ್ರೆಯ ಗೇಟಿನ ಮುಂದಿನ ತಿರುವಿನಲ್ಲಿ ಕುರ್ಚಿ ಹೆಣೆಯುವ ಮುದುಕ ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ. ಕ್ಯಾರಿಯರಿಗೆ ಅರ್ಧ ಹೆಣೆದ ಒಂದು ಕುರ್ಚಿಯನ್ನು ಕಟ್ಟಿದ್ದ. ನರ್ಸಮ್ಮ ಅವನನ್ನು ದೂರದಿಂದಲೇ ನೋಡಿದಳು. ದಿನದಂತೆ ಕಾಲನ್ನು ಬ್ರೇಕಿನ ಮೇಲಿಟ್ಟಳು. ಮೇಷ್ಟ್ರೂ ನೋಡಿದರು. ಕಣ್ಣಿಗೆ ಕಂಡಿತು, ತಲೆಗೆ ತಿಳಿಯಿತು, ಕಾಲು ಮಾತ್ರ ಎದ್ದು ಬರಲಿಲ್ಲ. ಅದು ಬರುವಷ್ಟರಲ್ಲಿ ಕುರ್ಚಿ ಬಾನೆಟ್ಟಿನ ಮೇಲಿತ್ತು, ಮುದುಕ ರಸ್ತೆ ಬದಿಯ ಕಲ್ಲಿನ ಅಂಚಿಗೆ ತಲೆಯಿಟ್ಟು ಮಲಗಿದ್ದ.

ಕೂಗಿದ್ದು ಯಾರು, ಸ್ಟ್ರೆಚರ್ ತಂದದ್ದು ಯಾರು, ಮೇಷ್ಟ್ರಿಗೆ ಒಂದೂ ನೆನಪಿಲ್ಲ. ಕಾರಿನ ಬಾಗಿಲು ಹಿಡಿದು ನಿಂತ ನರ್ಸಮ್ಮ ಹೇಳಿದ್ದು ಮಾತ್ರ ಕಿವಿಯಲ್ಲಿ ಉಳಿದಿದೆ. "ಒತ್ತಿದೆ ಮೇಷ್ಟ್ರೇ. ದಿನಾ ಒತ್ತೋ ಹಾಗೇ ಒತ್ತಿದೆ. ದಿನಾ ಮೆತ್ತಗೆ ಕೆಳಗೆ ಹೋಗುತ್ತೆ. ಇವತ್ತು ಕಲ್ಲಿನ ಹಾಗೆ ಕೂತಿತ್ತು." ಆ ಮಾತು ಕೇಳಿದ ಗಳಿಗೆಗೇ ಮೇಷ್ಟ್ರಿಗೆ ಎಲ್ಲವೂ ಗೊತ್ತಾಗಿ ಹೋಯಿತು.

ಪೊಲೀಸರು ಬಂದರು. ಊದುವ ಯಂತ್ರವನ್ನು ಮೊದಲು ನರ್ಸಮ್ಮನ ಬಾಯಿಗಿಟ್ಟರು, ಅದು ಸುಮ್ಮನಿತ್ತು. ಮೇಷ್ಟ್ರ ಬಾಯಿಗಿಟ್ಟರು, ಯಂತ್ರ ಕಿರುಚಿಕೊಂಡಿತು. ಸುತ್ತ ನೆರೆದವರಲ್ಲಿ ಅವರ ಹತ್ತಿರವೇ ಕಲಿತವರು ಎಷ್ಟೋ ಜನ. ಒಬ್ಬೊಬ್ಬರೇ ಬೇರೆ ಕಡೆಗೆ ಮುಖ ತಿರುಗಿಸಿದರು. ಕುರ್ಚಿ ಹೆಣೆಯುವ ಮುದುಕ ಕಣ್ಣು ಬಿಡಲೇ ಇಲ್ಲ. ನರ್ಸಮ್ಮ ಕೆಲಸ ಮಾಡುವ ಆಸ್ಪತ್ರೆಯಲ್ಲೇ ಕೆಲವು ದಿನ ಇದ್ದು ತೀರಿಕೊಂಡ. ಅವಳನ್ನು ಆ ವಾರ್ಡಿನೊಳಗೆ ಬಿಡಲಿಲ್ಲ. ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿರುತ್ತಿದ್ದಳೆಂದು ಆಮೇಲೆ ಯಾರೋ ಹೇಳಿದರು.

ಮೇಷ್ಟ್ರ ಕೇಸು ಹಿಡಿದ ವಕೀಲರೂ ಅವರ ಶಿಷ್ಯರೇ. ಮೆಟ್ಟಿಲು ಹತ್ತಿ ಹೋಗಬೇಕಾದ ಚಿಕ್ಕ ಕಚೇರಿ, ಒಂದು ಕಾಲು ಕುಂಟುವ ಮೇಜು, ಅದರ ಅಡಿಗೆ ಮಡಚಿಟ್ಟ ರಟ್ಟು. ವಕೀಲರು ಮೇಷ್ಟ್ರಿಗೆ ನೀರು ಕೊಟ್ಟು ಕೂರಿಸಿ ನಿಧಾನವಾಗಿ ಬಿಡಿಸಿ ಹೇಳಿದರು.

"ನಿಮ್ಮ ಮೇಲೆ ಎರಡು ಆರೋಪ ಇದೆ ಮೇಷ್ಟ್ರೇ. ಒಂದು, ಕುಡಿದು ಗಾಡಿ ಓಡಿಸಿದ್ದು. ಇನ್ನೊಂದು, ಅಜಾಗರೂಕತೆಯಿಂದ ಒಬ್ಬರ ಸಾವಿಗೆ ಕಾರಣ ಆಗಿದ್ದು. ಎರಡನೇದು ನರ್ಸಮ್ಮನ ಮೇಲೂ ಇದೆ. ಈಗ ಮೊದಲನೇದು ನೋಡಿ. ಕುಡಿದಿದ್ರೆ ಸಾಲದು, ಓಡಿಸಿರಬೇಕು. ಸ್ಟೇರಿಂಗು ನಿಮ್ಮ ಕೈಲಿತ್ತಾ? ಇರಲಿಲ್ಲ. ನೀವು ಪಕ್ಕದಲ್ಲಿ ಕೂತಿದ್ರಿ, ಅಷ್ಟೇ."

ತಮ್ಮದೇ ಮಾತು ಕರಿಕೋಟು ಹಾಕಿಕೊಂಡು ಎದುರಿಗೆ ಕೂತದ್ದನ್ನು ಮೇಷ್ಟ್ರು ನೋಡಿದರು.

"ಯಂತ್ರ ಸರಿ ಇದೆಯಾ ಅಂತ ಯಾವಾಗ ಪರೀಕ್ಷೆ ಮಾಡ್ಸಿದ್ರು, ರಕ್ತ ತಗೊಂಡಿದ್ದು ಎಷ್ಟು ತಡವಾಗಿ, ಇದೆಲ್ಲ ನಾನು ಕೇಳ್ತೀನಿ. ಕೇಳೋದು ಮೋಸ ಅಲ್ಲ. ತಪ್ಪು ಮಾಡಿದವನಿಗೂ ಆ ಹಕ್ಕಿದೆ. ಇನ್ನು ಎರಡನೇದು. ಬ್ರೇಕು ಕೆಲಸ ಮಾಡಲಿಲ್ಲ ಅಂತ ನರ್ಸಮ್ಮ ಹೇಳ್ತಿದ್ದಾರೆ. ಕಾರು ಪರೀಕ್ಷೆ ಮಾಡಿದವರು ಬ್ರೇಕು ಗಟ್ಟಿಮುಟ್ಟಾಗಿದೆ ಅಂದಿದ್ದಾರೆ. ಅಲ್ಲಿಗೆ ಆಯಮ್ಮ ಬ್ರೇಕು ತುಳೀಲೇ ಇಲ್ಲ, ಈಗ ಸುಳ್ಳು ಹೇಳ್ತಿದ್ದಾರೆ ಅಂತಾಗುತ್ತೆ. ನಮಗೆ ಅನುಕೂಲ."

"ಆಯಮ್ಮ ಸುಳ್ಳು ಹೇಳ್ತಿಲ್ಲ" ಎಂದರು ಮೇಷ್ಟ್ರು. ಆಮೇಲೆ ಎಲ್ಲವನ್ನೂ ಹೇಳಿದರು. ಸರಳು, ಬೆಕ್ಕಿನ ಹೆಜ್ಜೆ, ಶಹಭಾಷ್, ಮುಂದೆ ತಳ್ಳಿದ ಪಾಠಗಳು, ಬೆಳಗಿನ ಗುಟುಕು, ಬಾರದ ಕಾಲು.

ವಕೀಲರು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ತಗ್ಗಿದ ದನಿಯಲ್ಲಿ, "ಹಳೇ ಸೇತುವೆ ಏರಿನಲ್ಲಿ ನಾನು ಒಂದಿಂಚೂ ಹಿಂದೆ ಜಾರದೆ ನಿಲ್ಲಿಸಿದ್ನಲ್ಲ ಮೇಷ್ಟ್ರೇ, ಅದೂ..." ಎಂದರು. ಮೇಷ್ಟ್ರು ಕಿಟಕಿಯ ಕಡೆ ನೋಡಿದರು. "ಛೆ, ಮದುವೆ ಮನೇಲೆಲ್ಲ ಹೇಳ್ಕೊಂಡು ತಿರುಗಿದ್ದೀನಿ" ಎಂದು ವಕೀಲರು ಹಣೆ ಉಜ್ಜಿಕೊಂಡರು. ಆಮೇಲೆ ಮುಖ ಗಂಭೀರ ಮಾಡಿ ಹೇಳಿದರು. "ಈಗ ನನಗೆ ಹೇಳಿದ್ದು ನನ್ನಲ್ಲೇ ಇರುತ್ತೆ. ಇದನ್ನ ಕೋರ್ಟಲ್ಲಿ ಹೇಳಿದ್ರೆ ನನ್ನ ಹತ್ರ ವಾದ ಅಂತ ಏನೂ ಉಳಿಯಲ್ಲ. ಗಾಡಿ ನಿಮ್ಮ ಹಿಡಿತದಲ್ಲೇ ಇತ್ತು ಅಂತ ನೀವೇ ಒಪ್ಪಿಕೊಂಡ ಹಾಗೆ. ಕಲಿಯೋರ ಪಕ್ಕ ಕೂತವನ ಕೆಲಸವೇ ಗಾಡಿ ನಿಲ್ಲಿಸೋದು ಅಂತ ಎದುರಿನವರು ಮೊದಲೇ ವಾದ ಮಾಡ್ತಿದ್ದಾರೆ. ಜೈಲು ಖಂಡಿತ. ಲೈಸೆನ್ಸ್ ಆಸೆ ಬಿಟ್ಟುಬಿಡಿ. ಕೊನೇಲಿ ಜಡ್ಜು ನಿಮ್ಮನ್ನ ಏನಾದ್ರೂ ಹೇಳೋದಿದೆಯಾ ಅಂತ ಕೇಳ್ತಾರೆ. ಇಲ್ಲ ಅನ್ನಿ. ಸುಮ್ಮನಿರೋದೂ ಆರೋಪಿಯ ಹಕ್ಕೇ."

"ನಾನು ಸುಮ್ಮನಿದ್ರೆ ನರ್ಸಮ್ಮನ ಗತಿ?"

ವಕೀಲರು ಬಗ್ಗಿ ಮೇಜಿನ ಅಡಿಯ ರಟ್ಟನ್ನು ಸರಿಪಡಿಸತೊಡಗಿದರು.

ಮನೆಯಲ್ಲಿ ಹೆಂಡತಿ ಆ ಸುದ್ದಿ ಎತ್ತದೆ ಕೆಲವು ದಿನ ಕಳೆದಳು. ಫೋನು ರಿಂಗಾಗುವುದನ್ನೇ ಮರೆತಿತ್ತು. ಮೇಷ್ಟ್ರು ಕುಡಿತ ಬಿಟ್ಟಿದ್ದರು. ಬಿಡುವುದು ಅಷ್ಟು ಸುಲಭವಾಗಿತ್ತೆಂದು ಯಾರೂ ತಿಳಿಯಬೇಡಿ. ರಾತ್ರಿಯೆಲ್ಲ ಮೈ ಬೆವೆಯುತ್ತಿತ್ತು, ತಟ್ಟೆಯಿಂದೆತ್ತಿದ ಅನ್ನ ಬಾಯಿ ಮುಟ್ಟುವ ಮೊದಲೇ ಮಡಿಲಿಗೆ ಬೀಳುತ್ತಿತ್ತು. ಬಿಟ್ಟು ಉಳಿಸಿಕೊಳ್ಳುವಂಥದ್ದೇನೂ ಉಳಿದಿರಲಿಲ್ಲ, ಆದರೂ ಬಿಟ್ಟರು. ಒಂದು ಮಧ್ಯಾಹ್ನ ಒಗೆದ ಬಟ್ಟೆ ಮಡಚುತ್ತ ಅವಳೇ ಬಾಯಿ ತೆಗೆದಳು.

"ಸುಮ್ಮನಿದ್ರೆ ಸಾಕು ಅಂತ ವಕೀಲರು ಹೇಳಿದಾರಂತೆ. ಅಷ್ಟೂ ಆಗಲ್ವಾ ನಿಮಗೆ?"

"ಆಗ್ತಿತ್ತು ಕಣೇ. ಇಷ್ಟು ವರ್ಷ ಸುಮ್ಮನಿದ್ದೇ ಹೀಗಾಯ್ತು."

"ಆ ಹೆಂಗಸು ನಿಮಗೇನಾಗಬೇಕು? ನಾನೇನಾಗಬೇಕು? ನೀವು ಒಳಗೆ ಹೋದ್ರೆ ಈ ಮನೇಲಿ ನಾನು ಗೋಡೆ ಹತ್ರ ಮಾತಾಡ್ಲಾ?" ಅವಳ ದನಿ ಒಡೆಯಿತು. ಮಡಚಿದ ಶರ್ಟನ್ನು ಬಿಡಿಸಿ ಮತ್ತೆ ಮಡಚಿದಳು. "ಲವಂಗದ ಡಬ್ಬಿ ಖಾಲಿಯಾದಾಗೆಲ್ಲ ತುಂಬ್ಸಿಟ್ಟವಳು ನಾನು. ಬೈತಿದ್ದೆ, ತುಂಬ್ಸಿಡ್ತಿದ್ದೆ. ಅದನ್ನೂ ಹೇಳ್ತೀರಾ ಕೋರ್ಟಲ್ಲಿ?"

ಮೇಷ್ಟ್ರು ಅವಳ ಕೈಯಿಂದ ಶರ್ಟನ್ನು ತೆಗೆದುಕೊಂಡು ಪಕ್ಕಕ್ಕಿಟ್ಟರು. "ಇಲ್ಲ. ಕಾಲು ನನ್ನದು" ಎಂದರು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಮೇಷ್ಟ್ರೂ ಅತ್ತರು. ಒಬ್ಬರನ್ನೊಬ್ಬರು ಸಮಾಧಾನ ಮಾಡುವ ಗೋಜಿಗೆ ಇಬ್ಬರೂ ಹೋಗಲಿಲ್ಲ.

ಕೋರ್ಟಿನ ಕೋಣೆಯಲ್ಲಿ ಫ್ಯಾನಿನ ಸದ್ದೇ ಜೋರಾಗಿತ್ತು. ಹಿಂದಿನ ಬೆಂಚಿನ ಮೇಲೆ ಕುರ್ಚಿ ಹೆಣೆಯುವವನ ಮಗಳು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪ್ರತಿ ಸಲವೂ ಬರುತ್ತಿದ್ದಳು, ಯಾರನ್ನೂ ಶಪಿಸದೆ, ಯಾರನ್ನೂ ನೋಡದೆ ಕೂತು ಹೋಗುತ್ತಿದ್ದಳು. ಅವಳು ಒಂದು ಸಲವಾದರೂ ಬಾಯಿಗೆ ಬಂದಂತೆ ಬೈದಿದ್ದರೆ ಮೇಷ್ಟ್ರಿಗೆ ಉಸಿರಾಡಲು ಸುಲಭವಾಗುತ್ತಿತ್ತು. ನರ್ಸಮ್ಮ ಅಣ್ಣನ ಜೊತೆ ಬಂದಿದ್ದಳು. ಸೊರಗಿ ಹೋಗಿದ್ದಳು. ಅಣ್ಣ ಅವಳಿಗಿಂತ ಒಂದು ಕೈ ದೂರ ಕೂತಿದ್ದ.

ಜಡ್ಜು ಮೇಷ್ಟ್ರನ್ನು ಕೇಳಿದರು, "ನೀವು ಏನಾದರೂ ಹೇಳುವುದಿದೆಯೇ?"

ವಕೀಲರು ಕಾಗದದ ಮೇಲೆ ಕಣ್ಣು ನೆಟ್ಟು ಕೂತರು.

"ಇದೆ ಸ್ವಾಮಿ" ಎಂದರು ಮೇಷ್ಟ್ರು. "ಆಯಮ್ಮ ಬ್ರೇಕು ಒತ್ತಿದ್ದು ನಿಜ. ಅದು ಕಲ್ಲಿನ ಹಾಗಿತ್ತು ಅಂದಿದ್ದೂ ನಿಜ. ಬ್ರೇಕು ಯಾವಾಗಲೂ ಹಾಗೇ ಇರುತ್ತೆ, ಬಲ ಹಾಕಿ ಒತ್ತಬೇಕು. ದಿನಾ ಅದು ಮೆತ್ತಗಾಗಿದ್ದು ನಾನು ಈ ಕಡೆಯಿಂದ ಒತ್ತುತ್ತಿದ್ದೆ ಅಂತ. ಆಯಮ್ಮನಿಗೆ ಗೊತ್ತಾಗದ ಹಾಗೆ ಒತ್ತುತ್ತಿದ್ದೆ. ಹಾಗಾಗಿ ಅವರು ಅಷ್ಟೇ ಒತ್ತಿದ್ರೆ ಸಾಕು ಅಂತ ಕಲಿತರು. ಕಲಿಸಿದವನು ನಾನು. ಅವತ್ತು ನಾನು ಕುಡಿದಿದ್ದೆ. ಕಾಲು ಸಮಯಕ್ಕೆ ಬರಲಿಲ್ಲ. ಸ್ಟೇರಿಂಗು ಅವರ ಕೈಲಿತ್ತು ಸ್ವಾಮಿ, ಕಾರು ಮಾತ್ರ ನನ್ನ ಕಾಲಲ್ಲಿತ್ತು."

ಜಡ್ಜು ಅದನ್ನು ಬರೆಸಿಕೊಂಡರು. ಅಷ್ಟಕ್ಕೇ ನಂಬಲೂ ಇಲ್ಲ. ಕಾರನ್ನು ಮತ್ತೆ ಪರೀಕ್ಷೆ ಮಾಡಿಸಿದರು, ಸರಳು ತೆಗೆಸಿ ಹಾಕಿಸಿ ನೋಡಿಸಿದರು, ಹಳೆಯ ಶಿಷ್ಯರನ್ನು ಕರೆಸಿ ವಿಚಾರಿಸಿದರು. ಎಲ್ಲವೂ ಮೇಷ್ಟ್ರು ಹೇಳಿದಂತೆಯೇ ಇತ್ತು. ತೀರ್ಪಿನ ದಿನ ನರ್ಸಮ್ಮನನ್ನು ಬಿಟ್ಟುಬಿಟ್ಟರು. ಮೇಷ್ಟ್ರಿಗೆ ಜೈಲಾಯಿತು, ಲೈಸೆನ್ಸು ರದ್ದಾಯಿತು. ಒಪ್ಪಿಕೊಂಡದ್ದರಿಂದ ಶಿಕ್ಷೆ ಸ್ವಲ್ಪ ಕಡಿಮೆಯಾಯಿತೆಂದು ವಕೀಲರು ಹೆಂಡತಿಗೆ ಹೇಳಿದರು. ಅವಳು ತಲೆಯಾಡಿಸಿದಳು. ಕುರ್ಚಿ ಹೆಣೆಯುವವನ ಮಗಳು ಚೀಲವನ್ನು ಹೆಗಲಿಗೇರಿಸಿ ಎದ್ದು ಹೋದಳು. ಅವಳ ಅಪ್ಪನನ್ನು ಯಾವ ತೀರ್ಪೂ ತಂದುಕೊಡುವಂತಿರಲಿಲ್ಲ.

ಹೊರಗಿನ ವರಾಂಡದಲ್ಲಿ ಪೊಲೀಸಿನವನು ವ್ಯಾನಿಗಾಗಿ ಕಾಯುತ್ತ ಮೇಷ್ಟ್ರನ್ನು ನಿಲ್ಲಿಸಿಕೊಂಡಿದ್ದ. ಅವನೂ ಇವರ ಹತ್ತಿರವೇ ಕಲಿತವನು. ಕೈ ಹಿಡಿದಿರಲಿಲ್ಲ, ಪಕ್ಕದಲ್ಲಿ ನಿಂತಿದ್ದ ಅಷ್ಟೇ. ನರ್ಸಮ್ಮ ಮೆಟ್ಟಿಲ ಹತ್ತಿರ ಹೋದವಳು ತಿರುಗಿ ಬಂದಳು. ಜನ ಅವಳಿಗೆ ಗೆದ್ದೆ ಎಂದು ಹೇಳುತ್ತಿದ್ದರು. ಅವಳ ಮುಖದಲ್ಲಿ ಗೆದ್ದವರ ಕಳೆ ಎಳ್ಳಷ್ಟೂ ಇರಲಿಲ್ಲ. ಬೈಯುತ್ತಾಳೆ, ಇಲ್ಲವೇ ಉಪಕಾರವಾಯಿತು ಎನ್ನುತ್ತಾಳೆ ಎಂದು ಮೇಷ್ಟ್ರು ಎರಡಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡರು.

"ಆ ಚೆಂಡಿನ ಮಗು ಬಂತಲ್ಲ ಮೇಷ್ಟ್ರೇ" ಎಂದಳು. "ಅವತ್ತು ನಿಲ್ಸಿದ್ದು?"

ಮೇಷ್ಟ್ರಿಗೆ ಆ ಪ್ರಶ್ನೆಯ ಯೋಚನೆಯೇ ಇರಲಿಲ್ಲ. ಇಷ್ಟು ದಿನ ಅವಳನ್ನು ಜೈಲಿನಿಂದ ಉಳಿಸುವುದೊಂದನ್ನೇ ಯೋಚಿಸಿದ್ದರು. ಹೌದಮ್ಮ, ಅವತ್ತು ನೀನೇ ನಿಲ್ಲಿಸಿದ್ದು ಎಂದು ಹೇಳಿಬಿಡಲು ಬಾಯಿ ತೆರೆದರು. ಇಷ್ಟು ವರ್ಷ ಸಲೀಸಾಗಿ ಬರುತ್ತಿದ್ದ ಸುಳ್ಳು ಈಗ ಬರಲಿಲ್ಲ.

"ನಾನೇ ಕಣಮ್ಮ" ಎಂದರು.

"ಒಂದು ದಿನಾನಾದ್ರೂ ನಾನೇ ನಿಲ್ಸಿದ್ದಿತ್ತಾ?"

ಮೇಷ್ಟ್ರು ನಿಜವಾಗಿಯೂ ನೆನಪು ಮಾಡಿಕೊಂಡರು. ಸಂತೆ ರಸ್ತೆ, ಶಾಲೆಯ ಮುಂದಿನ ಉಬ್ಬು, ನೀರಿನ ಟ್ಯಾಂಕಿನ ಇಳಿಜಾರು, ಒಂದೊಂದನ್ನೂ ತಡಕಾಡಿದರು. ಎಲ್ಲ ಕಡೆಯೂ ತಮ್ಮ ಕಾಲೇ ಸಿಕ್ಕಿತು. "ಇಲ್ಲಮ್ಮ" ಎಂದರು.

ನರ್ಸಮ್ಮ ತಲೆಯಾಡಿಸಿದಳು. ಮೆಟ್ಟಿಲ ಕೆಳಗೆ ಅಣ್ಣ ಸ್ಕೂಟರ್ ಶುರು ಮಾಡಿ ಕಾಯುತ್ತಿದ್ದ. ಅವಳು ಆ ಕಡೆ ನೋಡುತ್ತ, "ಹಾಗಾದ್ರೆ ನನ್ನ ಕೈಲಿ ಆಗಲ್ಲ ಅಂತ ಅಣ್ಣ ಹೇಳಿದ್ದೇ ಸರಿ" ಎಂದಳು.

"ಹಾಗಲ್ಲಮ್ಮ" ಎಂದು ಮೇಷ್ಟ್ರು ಒಂದು ಹೆಜ್ಜೆ ಮುಂದಿಟ್ಟರು. ಪೊಲೀಸಿನವನ ಕೈ ಮೊದಲ ಸಲ ಅವರ ತೋಳಿನ ಮೇಲೆ ಬಂತು. "ಹಾಗಲ್ಲ, ಕೇಳಮ್ಮ, ನಾನು ಕಾಲು ತೆಗೆದಿದ್ರೆ ನೀನು ಕಲೀತಿದ್ದೆ! ನಾನು ತೆಗೀಲಿಲ್ಲ!"

ಅವಳು ಅಷ್ಟರಲ್ಲಿ ಕೆಳಗಿಳಿದು ಅಣ್ಣನ ಹಿಂದೆ ಕೂತಿದ್ದಳು. ಸ್ಕೂಟರಿನ ಸದ್ದಿನಲ್ಲಿ ಅವಳಿಗೆ ಅದು ಕೇಳಿಸಿತೋ ಇಲ್ಲವೋ ಮೇಷ್ಟ್ರಿಗೆ ತಿಳಿಯಲಿಲ್ಲ.